ಶುಕ್ರವಾರದ ಐದು ಓದು ಮತ್ತು ಪಾಲಿಬೆಟ್ಟದ ಪೂವಯ್ಯ

ಇನ್ನೊಬ್ಬರಿಗೆ "ಇದನ್ನು ಓದಿ, ಒಳ್ಳೆಯದಿದೆ" ಎಂದು ಹೇಳುವುದೂ ಒಂದು ಚಟವೇ. ಕಷಾಯ ಕುಡಿಸುವ ಚಟಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ನಮ್ಮ ಸೋದರತ್ತೆಯೊಬ್ಬರಿದ್ದರು. ಮನೆಗೆ ಯಾರೇ ಬರಲಿ, ಅವರಿಗೆ ನೆಗಡಿ ಇರಲಿ ಬಿಡಲಿ, ಒಂದು ಲೋಟ ಕಾಳುಮೆಣಸಿನ ಕಷಾಯ ಕುಡಿಸದೆ ಕಳಿಸುತ್ತಿರಲಿಲ್ಲ. ಬಂದವರು ಮುಖ ಹುಳ್ಳಗೆ ಮಾಡಿಕೊಂಡು ಕುಡಿದು, "ಗಂಟಲು ಎಷ್ಟು ಹಗುರಾಯ್ತು ನೋಡಿ" ಎಂದು ಸುಳ್ಳು ಹೇಳಿ ಹೊರಟರೆ, ಆ ದಿನ ಅತ್ತೆಗೆ ಊಟ ರುಚಿಸುತ್ತಿತ್ತು. ನಾನು ಚಿಕ್ಕವಳಿದ್ದಾಗ ಅವರನ್ನು ನೋಡಿ ಬೇಕಾದಷ್ಟು ನಕ್ಕಿದ್ದೇನೆ. ಈಗ ನಲವತ್ತೇಳರ ವಯಸ್ಸಿನಲ್ಲಿ ನಾನೂ ಲೋಟ ಹಿಡಿದು ನಿಂತಿದ್ದೇನೆ. ಕಷಾಯದ ಬದಲು ಓದು ಕುಡಿಸುತ್ತೇನೆ, ಅಷ್ಟೆ. ಪ್ರತಿ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ನನ್ನ ತಂಡದ ಹನ್ನೆರಡು ಮಂದಿಗೆ ನನ್ನಿಂದ ಒಂದು ಇಮೇಲ್ ಹೋಗುತ್ತದೆ. ಅದರ ಹೆಸರು 'ಶುಕ್ರವಾರದ ಐದು ಓದು'. ಸಾಫ್ಟ್‌ವೇರ್ ಕೆಲಸ, ಮುಂದಾಳುತನ, ಕಲಿಕೆ ಇವುಗಳ ಮೇಲೆ ಎಲ್ಲೆಲ್ಲೋ ಪ್ರಕಟವಾದ ಐದು ಇಂಗ್ಲಿಷ್ ಲೇಖನಗಳ ಲಿಂಕ್, ಪ್ರತಿಯೊಂದಕ್ಕೂ ನನ್ನ ಎರಡು ಸಾಲಿನ ಪೀಠಿಕೆ, ಕೊನೆಯಲ್ಲಿ ನನ್ನ ಹೆಸರು, ನಾನಿರುವ ಊರು, ಫೋನ್ ನಂಬರು. ಯಾರೂ ಕೇಳಿರಲಿಲ್ಲ. ಕೇಳದೆ ಕೊಡುವುದೇ ಈ ಚಟದ ಲಕ್ಷಣ.

ನಾನು ಯಾರು, ಎಲ್ಲಿ ಕೂತು ಇದನ್ನೆಲ್ಲ ಮಾಡುತ್ತೇನೆ ಎಂದು ಹೇಳಿಬಿಡುತ್ತೇನೆ. ನಾನು ಕೊಡ್ಲಿಪೇಟೆಯವಳು. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ತಂಡದ ಮುಖ್ಯಸ್ಥೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನಮ್ಮ ಕಸುಬು. ನಮ್ಮ ಭಾಷೆಯಲ್ಲಿ ಆ ತಪ್ಪಿಗೆ 'ಬಗ್' ಎನ್ನುತ್ತೇವೆ. ಎಲ್ಲಿ ಬೇಕಾದರೂ ಕೂತು ಕೆಲಸ ಮಾಡಿ ಎಂದು ಕಂಪನಿ ಹೇಳಿದ ಮೇಲೆ ಮೊದಲು ಊರಿಗೆ, ಅಣ್ಣನ ಮನೆಗೆ ಹೋದೆ. ಕೋಣೆಯ ಬಾಗಿಲು ಹಾಕಿಕೊಂಡು ದಿನವಿಡೀ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ನನ್ನನ್ನು ಅತ್ತಿಗೆ ನಾಲ್ಕು ದಿನ ಸಹಿಸಿಕೊಂಡರು. ಐದನೆಯ ದಿನ ಅಣ್ಣನಿಗೆ, "ರೀ, ನಿಮ್ ತಂಗಿ ಗೋಡೆ ಜೊತೆ ಜಗಳ ಆಡ್ತಾಳೆ ಕಣ್ರೀ, ಯಾರಿಗಾದ್ರೂ ತೋರ್ಸಿ" ಎಂದದ್ದು ನನ್ನ ಕಿವಿಗೂ ಬಿತ್ತು. ಅಲ್ಲಿ ಇಂಟರ್ನೆಟ್ಟೂ ಅಷ್ಟಕ್ಕಷ್ಟೆ. ಕೇಬಲ್ ಚೆನ್ನಾಗಿದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಒಬ್ಬರ ಪರಿಚಯವೂ ಇಲ್ಲದ ಗೋಣಿಕೊಪ್ಪಲಿಗೆ ಬಂದು ಮನೆ ಮಾಡಿದೆ. ಮದುವೆ ಆಗಲಿಲ್ಲ; ಯಾಕೆ ಎಂದು ಕೇಳುತ್ತಿದ್ದವರೂ ಈಗ ಸುಸ್ತಾಗಿ ಕೇಳುವುದನ್ನು ಬಿಟ್ಟಿದ್ದಾರೆ.

ಮನೆ ಇರುವುದು ಕಾಳುಮೆಣಸಿನ ಗೋದಾಮಿನ ಮಹಡಿಯ ಮೇಲೆ. ಕೆಳಗೆ ಮೂಟೆ ಬಿಚ್ಚಿದ ದಿನ ನಾನು ಮೀಟಿಂಗಿನಲ್ಲಿ ಬಾಯಿ ತೆರೆದರೆ ಮೊದಲು ಸೀನು, ಆಮೇಲೆ ಮಾತು. ಮನೆಯ ಒಡತಿ ಮುತ್ತಮ್ಮ ಆಂಟಿ ಪಕ್ಕದ ಮನೆಯಲ್ಲೇ ಇದ್ದಾರೆ. ನಾನು ಟೆಸ್ಟಿಂಗ್ ಕೆಲಸ ಮಾಡುತ್ತೇನೆ ಎಂದದ್ದು ಅವರಿಗೆ 'ಟೇಸ್ಟಿಂಗ್' ಎಂದು ಕೇಳಿಸಿತು. ಕಾಫಿ ರುಚಿ ನೋಡಿ ದರ್ಜೆ ಹೇಳುವವರು ಈ ಕಡೆ ಇದ್ದಾರಲ್ಲ, ಅವರಲ್ಲಿ ನಾನೂ ಒಬ್ಬಳು ಎಂದು ಬೀದಿಗೆಲ್ಲ ಸಾರಿಬಿಟ್ಟರು. ಒಂದು ಸಂಜೆ ಅವರ ನೆಂಟರೊಬ್ಬರು ಸಣ್ಣ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿ ಬಂದರು. "ಇದು ನಮ್ಮ ತೋಟದ್ದು. ಸ್ವಲ್ಪ ನೋಡಿ ಹೇಳ್ತೀರಾ?" ನಾನು ಟೀ ಕುಡಿಯುವವಳು. ಆದರೆ ಮನುಷ್ಯರೊಬ್ಬರು ಮನೆಯೊಳಗೆ ಬಂದು ಕುರ್ಚಿಯಲ್ಲಿ ಕೂತು ಎಷ್ಟು ದಿನವಾಗಿತ್ತೋ ಏನೋ! ಕಾಫಿ ಮಾಡಿ, ಒಂದು ಗುಟುಕು ಬಾಯಲ್ಲಿ ಆಡಿಸಿ, ಕಣ್ಣು ಮುಚ್ಚಿ, "ಪರವಾಗಿಲ್ಲ, ಕೊನೆಯಲ್ಲಿ ಸ್ವಲ್ಪ ಒಗರು" ಎಂದೆ. ಅವರು ತಲೆಯಾಡಿಸಿ, "ನಾನೂ ಅದನ್ನೇ ಹೇಳಿದ್ದು" ಎಂದು ಅರ್ಧ ಗಂಟೆ ಕೂತು ಮಾತಾಡಿ ಹೋದರು. ಆ ಸುಳ್ಳಿಗಾಗಿ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಯಾಕೆಂದರೆ ಉಳಿದ ದಿನಗಳಲ್ಲಿ ನಾನು ಮಾತಾಡುವುದು ಹನ್ನೆರಡು ಕಪ್ಪು ಚೌಕಗಳ ಜೊತೆ. ಕಂಪ್ಯೂಟರ್ ಪರದೆಯ ಮೇಲೆ ಹನ್ನೆರಡು ಚೌಕ, ಒಂದೊಂದರಲ್ಲಿ ಒಂದೊಂದು ಹೆಸರು. ಮುಖ ತೋರಿಸಬೇಕೆಂಬ ನಿಯಮವಿಲ್ಲ, ಹಾಗಾಗಿ ಯಾರೂ ತೋರಿಸುವುದಿಲ್ಲ. ನಾನು ಹೇಳಿದ್ದಕ್ಕೆ ಒಂದು ಚೌಕ "ಓಕೆ" ಎನ್ನುತ್ತದೆ, ಇನ್ನೊಂದು "ಶೂರ್ ಮೇಡಂ" ಎನ್ನುತ್ತದೆ. ಒಂದು ಚೌಕದ ಹಿಂದೆ ಕುಕ್ಕರ್ ಕೂಗುತ್ತದೆ. ಆ ಕುಕ್ಕರ್ ಕೂಗಿದಾಗ ನನಗೆ ನಿಜವಾಗಿ ಹೊಟ್ಟೆಕಿಚ್ಚಾಗುತ್ತದೆ, ಅಲ್ಲಿ ಯಾರೋ ಯಾರಿಗೋ ಅಡುಗೆ ಮಾಡುತ್ತಿದ್ದಾರಲ್ಲ ಎಂದು. ಹೀಗಿರುವಾಗ ಶುಕ್ರವಾರದ ಕಾಗದವೊಂದೇ ನಾನು ಕೆಲಸದ ಹಂಗಿಲ್ಲದೆ ಬೇರೆಯವರಿಗೆ ಹೇಳುವ ಮಾತಾಗಿತ್ತು. ಮುಂದಾಳುತನ, ಕಲಿಕೆ ಎಂಬುದೆಲ್ಲ ನೆಪ. ನಾನು ಇದ್ದೇನೆ, ನೀವು ಇದ್ದೀರಾ ಎಂದು ಕೇಳುವುದಷ್ಟೇ ಅದರ ತಾತ್ಪರ್ಯ. ನೇರವಾಗಿ ಹಾಗೆ ಕೇಳಿದರೆ ಕಂಪನಿಯವರು ಆಪ್ತ ಸಲಹೆಗಾರರ ನಂಬರು ಕೊಟ್ಟುಬಿಡುತ್ತಾರೆ.

ಕಂಪನಿಯ ಇಮೇಲಿನಲ್ಲಿ ಹೊರಗಿನ ಲಿಂಕುಗಳು ತಡೆಯಲ್ಪಡುತ್ತವೆಂದು ಎಲ್ಲರ ಸ್ವಂತ ವಿಳಾಸಗಳನ್ನು ಕೇಳಿ ಪಟ್ಟಿ ಮಾಡಿಕೊಂಡಿದ್ದೆ. ಯಾವ ಲಿಂಕನ್ನು ಎಷ್ಟು ಮಂದಿ ಒತ್ತಿದರು ಎಂದು ತೋರಿಸುವ ಒಂದು ಪುಟವೂ ನನ್ನ ಬಳಿ ಇತ್ತು. ಯಾರು ಒತ್ತಿದರು ಎಂದು ಅದು ಹೇಳುವುದಿಲ್ಲ, ಎಷ್ಟು ಮಂದಿ ಎಂದಷ್ಟೇ ಹೇಳುತ್ತದೆ. ಮೊದಲ ವಾರ ಏಳು ಮಂದಿ ತೆರೆದಿದ್ದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಮುಂದಿನ ವಾರ ನಾಲ್ಕು. ಆಮೇಲೆ ಎರಡು. ಎರಡನೆಯ ತಿಂಗಳಿನಿಂದ ಒಂದು. ಆ ಒಂದು ಮಾತ್ರ ಕದಲಲಿಲ್ಲ. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದೆ ನಾನೇ ಸೋಮವಾರ ಕಳಿಸಿದಾಗಲೂ, ಹಬ್ಬದ ರಜೆಯಲ್ಲೂ, ಐದು ಲಿಂಕಿನ ಮುಂದೆಯೂ ಒಂದು, ಒಂದು, ಒಂದು, ಒಂದು, ಒಂದು.

ಹನ್ನೆರಡರಲ್ಲಿ ಒಬ್ಬರು! ಯಾರಿರಬಹುದು? ನಾನು ಆ ಒಬ್ಬರಿಗಾಗಿಯೇ ಬರೆಯತೊಡಗಿದೆ. ಪೀಠಿಕೆ ಎರಡು ಸಾಲಿನಿಂದ ಹತ್ತು ಸಾಲಿಗೆ ಬೆಳೆಯಿತು. ಹಿಂದಿನ ಕೆಲಸದಲ್ಲಿ ನಾನು ಎಲ್ಲರೆದುರು ಒಬ್ಬಳನ್ನು ಬೈದು ಅಳಿಸಿದ್ದನ್ನು, ಆಮೇಲೆ ಕ್ಷಮೆ ಕೇಳಲು ಹೋದರೆ ಅವಳು ಕೆಲಸ ಬಿಟ್ಟು ಹೋಗಿದ್ದನ್ನು ಬರೆದೆ. ಅದನ್ನು ಅಣ್ಣನಿಗೂ ಹೇಳಿರಲಿಲ್ಲ. ಕುಕ್ಕರ್ ಮನೆಯ ಹುಡುಗಿಯೇ ನನ್ನ ಆ ಒಬ್ಬ ಓದುಗಾರ್ತಿ ಎಂದು ಕೆಲವು ವಾರ ನಂಬಿದ್ದೆ. ಅವಳು ಒಂದು ಮೀಟಿಂಗಿನಲ್ಲಿ "ಗುಡ್ ಪಾಯಿಂಟ್ ಮೇಡಂ" ಎಂದದ್ದೇ ಸಾಕ್ಷಿ. ಹೀಗೆ ಒಂದು ಅಂಕಿಯನ್ನು ನೆಚ್ಚಿಕೊಂಡು ಎರಡು ವರ್ಷ ತಳ್ಳಿದೆ ಎಂದರೆ ನಿಮಗೆ ನಗು ಬರಬಹುದು, ಬರಲಿ.

ಕೆಟ್ಟದ್ದು ಒಂದು ಸಮೀಕ್ಷೆಯಿಂದ. ತಂಡದ ಸಮಯ ಎಲ್ಲೆಲ್ಲಿ ವ್ಯರ್ಥವಾಗುತ್ತಿದೆ ಎಂದು ನೋಡುವ ಕೆಲಸ ಮೇಲಿನವರಿಂದ ಬಂತು. ನಮ್ಮ ಮ್ಯಾನೇಜರ್ ಎಲ್ಲರೆದುರು ಕೇಳಿದರು: "ಶುಕ್ರವಾರದ ಓದು ನಿಮಗೆ ಉಪಯೋಗ ಆಗ್ತಿದೆಯಾ? ಓದುವವರು ಹೆಬ್ಬೆರಳು ತೋರಿಸಿ." ಹನ್ನೆರಡು ಕಪ್ಪು ಚೌಕದ ಮೇಲೂ ಟಪಟಪನೆ ಹನ್ನೆರಡು ಹಳದಿ ಹೆಬ್ಬೆರಳು ಎದ್ದವು. "ವಂಡರ್‌ಫುಲ್!" ಎಂದರು ಮ್ಯಾನೇಜರ್. ನನಗೆ ಮೈಯೆಲ್ಲ ಉರಿದುಹೋಯಿತು. ಒಂದೇ ಒಂದು ಹೆಬ್ಬೆರಳು ಬಂದಿದ್ದರೆ ನಾನು ಅವತ್ತು ಪಾಯಸ ಮಾಡುತ್ತಿದ್ದೆ. ಹನ್ನೆರಡು ಬಂದದ್ದರಿಂದ ಆ ನಿಜವಾದ ಒಬ್ಬರೂ ಸುಳ್ಳರ ನಡುವೆ ಕಳೆದುಹೋದರು. ಹಟ ಬಂತು. ನೋಡೋಣ, ಯಾರಿಗೆ ಗೊತ್ತಾಗುತ್ತದೋ ಎಂದು ಆ ಶುಕ್ರವಾರ ಕಾಗದ ಕಳಿಸಲಿಲ್ಲ. ಯಾರೂ ಏನೂ ಕೇಳಲಿಲ್ಲ. ಮುಂದಿನ ಶುಕ್ರವಾರವೂ ಕಳಿಸಲಿಲ್ಲ. ಯಾರೂ ಕೇಳಲಿಲ್ಲ. ಶನಿವಾರ ಮುತ್ತಮ್ಮ ಆಂಟಿ, "ಎಂತ, ಮುಖ ಸಪ್ಪಗೆ ಉಂಟು? ಟೇಸ್ಟಿಂಗ್ ಜಾಸ್ತಿ ಆಯ್ತಾ?" ಎಂದರು. "ಹೌದು ಆಂಟಿ, ಎಲ್ಲ ಕಹಿ" ಎಂದೆ.

ಸೋಮವಾರ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಹಲೋ, ಶುಕ್ರವಾರದ ಓದು ಆಫೀಸಾ?"

ನಾನು ಸುತ್ತಲೂ ನೋಡಿದೆ. ಒಂದು ಮೇಜು, ಒಂದು ಕುರ್ಚಿ, ಒಣಗಲು ಹಾಕಿದ ನನ್ನ ಎರಡು ಚೂಡಿದಾರ. "ಹೌದು, ಹೇಳಿ" ಎಂದೆ.

"ನಾನು ಪೂವಯ್ಯ ಮೇಡಂ, ಪಾಲಿಬೆಟ್ಟದಿಂದ. ಎಸ್ಟೇಟ್ ರೈಟರ್. ಎರಡು ವಾರ ಆಯ್ತು, ಓದು ಬರ್ಲಿಲ್ಲ. ಎಂತ ಆಯ್ತು? ಯಾರಿಗಾದ್ರೂ ಹುಷಾರಿಲ್ವಾ?"

ನನ್ನ ಕಣ್ಣಲ್ಲಿ ನೀರು ಬಂತು. ಕೆಳಗೆ ಮೆಣಸಿನ ಮೂಟೆ ಬಿಚ್ಚಿದ್ದರು, ಹಾಗಾಗಿ ಕಾರಣ ಹುಡುಕಿಕೊಳ್ಳುವ ಕಷ್ಟವಿರಲಿಲ್ಲ. ಇಲ್ಲಿ ರೈಟರ್ ಎಂದರೆ ಕತೆ ಕಾದಂಬರಿ ಬರೆಯುವವರಲ್ಲ. ಬೆಳಿಗ್ಗೆ ಮಸ್ಟರಿನಲ್ಲಿ ಹಾಜರಿ ಕರೆದು, ಯಾರು ಯಾವ ಕಡೆ ಏನು ಕೆಲಸ ಎಂದು ಹಂಚಿ, ಪುಸ್ತಕದಲ್ಲಿ ಬರೆದಿಡುವವರು. ಎಸ್ಟೇಟ್ ರೈಟರಿಗೆ ನನ್ನ ಕಾಗದ ಹೋದದ್ದು ಹೇಗೆ ಎಂದು ಯೋಚಿಸುವಷ್ಟರಲ್ಲಿ ಅವರೇ ಶುರುಮಾಡಿದರು.

"ಬಗ್ ವಿಷಯ ಕಳ್ಸಿದ್ರಲ್ಲ, ಬಗ್ ತೋರಿಸಿದವರನ್ನು ಬೈಬೇಡಿ, ಎಲ್ಲರೆದುರು ಥ್ಯಾಂಕ್ಸ್ ಹೇಳಿ ಅಂತ, ಅದು ಬಹಳ ಉಪಕಾರ ಆಯ್ತು ಮೇಡಂ. ನಮ್ಮಲ್ಲಿ ಗಿಡದಲ್ಲಿ ಮೀಲಿ ಬಗ್ ಕಂಡ್ರೂ ಹೆಂಗಸರು ಹೇಳ್ತಾ ಇರ್ಲಿಲ್ಲ. ಹೇಳಿದವರ ತಲೆಗೇ ಆ ಸಾಲು ಪೂರ್ತಿ ನೋಡುವ ಕೆಲಸ ಬೀಳ್ತಿತ್ತು. ಈಗ ಮಸ್ಟರಲ್ಲಿ ಥ್ಯಾಂಕ್ಸ್ ಹೇಳ್ತೇನೆ. ಹುಡುಕಿ ಹುಡುಕಿ ತರ್ತಾರೆ, ಪಾಪದ ಜೇಡನನ್ನೂ ಬಿಡೋದಿಲ್ಲ. ಬ್ರಾಂಚ್ ತುಂಬಾ ದಿನ ಇಟ್ಕೊಳ್ಬೇಡಿ, ಕೆಲಸ ಮುಗಿದ ಕೂಡ್ಲೆ ತೆಗೀರಿ ಅಂತ ಬರ್ದಿದ್ರಿ, ಅದು ರೆಂಬೆ ಕಡಿಯುವಾಗ ಹೇಳಿದೆ. ದಿನಾ ಬೆಳಿಗ್ಗೆ ನಿಂತುಕೊಂಡೇ ಮೀಟಿಂಗ್ ಮಾಡಿ ಅಂತ ಬಂತಲ್ಲ, ಅದೊಂದು ನಾವು ಮೊದ್ಲಿಂದ ಮಾಡ್ತಾ ಇದ್ದೇವೆ. ನಮ್ಮಲ್ಲಿ ಕೂತ್ಕೊಳ್ಳಿಕ್ಕೆ ಬೆಂಚೇ ಇಲ್ಲ."

ಇಂಗ್ಲಿಷ್ ಲೇಖನಗಳನ್ನು ಫೋನಿನಲ್ಲೇ ಕನ್ನಡ ಮಾಡಿಸಿಕೊಂಡು ಓದುತ್ತಾರಂತೆ. ನನ್ನ ಬಗ್ ಅವರಿಗೆ ಹುಳವಾಗಿತ್ತು, ನಾವು ಬ್ರಾಂಚ್ ಎನ್ನುವ ಪ್ರೋಗ್ರಾಮಿನ ಕವಲು ಕಾಫಿ ರೆಂಬೆಯಾಗಿತ್ತು, ನಾನು ಯಾವುದೋ ತೋಟ ಕಂಪನಿಯ ಹೆಡ್ ಆಫೀಸಾಗಿದ್ದೆ. ಅಲ್ಲ ಪೂವಯ್ಯನವರೇ, ಇದು ನಿಮಗೆ ಬರಬೇಕಾದ್ದಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಇರುವ ಒಬ್ಬರೂ ಹೋಗುತ್ತಾರಲ್ಲ! "ಸ್ವಲ್ಪ ತಾಂತ್ರಿಕ ತೊಂದರೆ" ಎಂದೆ. "ಸಂತೆ ದಿನ ಗೋಣಿಕೊಪ್ಪಕ್ಕೆ ಬರ್ತೇನೆ. ಆಫೀಸಿಗೆ ಬರ್ಲಾ? ಒಂದು ಡೌಟ್ ಉಂಟು, ಕೇಳ್ಬೇಕಿತ್ತು" ಎಂದರು. ಆಫೀಸಿನಲ್ಲಿ ಒಣಗುತ್ತಿದ್ದ ಚೂಡಿದಾರ ನೋಡಿ, ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲೇ ಸಿಗೋಣ ಎಂದೆ.

ಫೋನಿಟ್ಟು ಪಟ್ಟಿ ತೆರೆದೆ. ನನ್ನ ತಂಡದಲ್ಲೂ ಒಬ್ಬ ಪೂವಯ್ಯ ಇದ್ದಾನೆ. ಮೈಸೂರಿನಲ್ಲಿ ಹುಟ್ಟಿ ಬೆಳೆದವನು. ಕನ್ನಡದಲ್ಲಿ ಬರೆದರೆ ಪೂವಯ್ಯನೆಂಬವನು ಒಬ್ಬನೇ. ಇಂಗ್ಲಿಷಿನಲ್ಲಿ ಬರೆಯ ಹೊರಟರೆ ಎರಡು ಓ ಹಾಕುವವರು ಕೆಲವರು, ಯು ಹಾಕುವವರು ಇನ್ನು ಕೆಲವರು. ಕೊನೆಯ 'ಯ್ಯ'ಕ್ಕೆ ಮತ್ತೆ ಮೂರು ಬಗೆ. ಇವನು ಯು ಹಾಕುವ ಪೂವಯ್ಯ. ನಾನು ಕೊಡಗಿನಲ್ಲಿ ಕೂತು, ಕಣ್ಣು ಮುಚ್ಚಿಕೊಂಡು, ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಪೂವಯ್ಯನ ಹಾಗೆ ಇವನ ಇಮೇಲ್ ವಿಳಾಸದಲ್ಲಿ ಎರಡು ಓ ಹಾಕಿದ್ದೆ; ಆ ವಿಳಾಸ ಪಾಲಿಬೆಟ್ಟದವರದಾಗಿತ್ತು. ಜಗತ್ತಿನವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳು ಎರಡು ವರ್ಷ ಇದನ್ನು ನೋಡಿರಲಿಲ್ಲ. ಅಂದರೆ ತಂಡದ ಪೂವಯ್ಯನಿಗೆ ಇಷ್ಟು ದಿನ ಒಂದೇ ಒಂದು ಕಾಗದವೂ ಹೋಗಿಲ್ಲ. ಪಾಪ, ಬೇಜಾರು ಮಾಡಿಕೊಂಡಿರಬಹುದು ಎಂದು ಕ್ಷಮೆ ಕೇಳಲು ಕೂಡಲೇ ಫೋನ್ ಮಾಡಿದೆ. "ಪೂವಯ್ಯ, ಶುಕ್ರವಾರದ ಓದು ನಿನಗೆ..." ಎನ್ನುವಷ್ಟರಲ್ಲಿ ಅವನೇ, "ಸೂಪರ್ ಮೇಡಂ! ಪ್ರತಿ ವಾರ ಮಿಸ್ ಮಾಡದೆ ಓದ್ತೀನಿ. ನನ್ನ ಹೆಂಡ್ತಿಗೂ ಕಳಿಸ್ತೀನಿ" ಎಂದ. "ಸಂತೋಷಪ್ಪ" ಎಂದು ಫೋನಿಟ್ಟೆ. ಬೈಯಬೇಕೆಂದುಕೊಂಡರೂ ನಗು ಬಂತು, ನಕ್ಕು ಮುಗಿಸಿದ ಮೇಲೆ ಮನೆ ಮೊದಲಿಗಿಂತ ಖಾಲಿ ಅನ್ನಿಸಿತು.

ಸಂತೆ ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದೆ. ಪೂವಯ್ಯನವರು ಮೊದಲೇ ಬಂದು ಕೂತಿದ್ದರು. ಅರವತ್ತರ ಹತ್ತಿರದವರು, ಜೇಬಿನಲ್ಲಿ ಎರಡು ಪೆನ್ನು, ಮೇಜಿನ ಮೇಲೆ ದಪ್ಪನೆಯ ಒಂದು ಫೈಲು. ನನ್ನನ್ನು ಕಂಡು ಎದ್ದು ನಿಂತರು. ಮುಖ ತೋರಿಸುವ ನಿಯಮವಿಲ್ಲದ ಲೋಕದಿಂದ ಬಂದ ನಾನು ಗಡಿಬಿಡಿಯಲ್ಲಿ ಎರಡೆರಡು ಸಲ ನಮಸ್ಕಾರ ಮಾಡಿದೆ. ಎರಡು ಟೀ ಹೇಳಿ ಅವರು ಫೈಲು ಬಿಚ್ಚಿದರು. ನನ್ನ ಕಾಗದಗಳು! ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ತೂತು ಹೊಡೆದು, ವಾರಕ್ಕೆ ತಕ್ಕಂತೆ ಜೋಡಿಸಿಟ್ಟಿದ್ದರು. ಅಲ್ಲಲ್ಲಿ ಕೆಂಪು ಪೆನ್ನಿನ ಗೆರೆ. ನಾನು ಒಬ್ಬಳನ್ನು ಬೈದು ಅಳಿಸಿದ ಕತೆಯ ಪಕ್ಕದಲ್ಲಿ, "ನಾನೂ ಹೀಗೆ ಮಾಡಿದ್ದೇನೆ" ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು.

ಇನ್ನು ಮುಚ್ಚಿಡುವುದು ಪಾಪವೆನಿಸಿತು. ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿ ಹೇಳಿಬಿಟ್ಟೆ. "ಪೂವಯ್ಯನವರೇ, ನಾನು ಯಾವ ಹೆಡ್ ಆಫೀಸೂ ಅಲ್ಲ. ಇದೆಲ್ಲ ಕಾಫಿ ತೋಟದ್ದಲ್ಲ, ಕಂಪ್ಯೂಟರ್ ಕೆಲಸದ್ದು. ಬೇರೆ ಒಬ್ಬ ಪೂವಯ್ಯನಿಗೆ ಹೋಗಬೇಕಾದ್ದು ಸ್ಪೆಲ್ಲಿಂಗ್ ತಪ್ಪಿ ನಿಮಗೆ ಬಂತು."

ಅವರು ಟೀ ಲೋಟ ಕೆಳಗಿಟ್ಟರು. "ಅದು ಮೂರನೇ ತಿಂಗಳಲ್ಲೇ ಗೊತ್ತಾಯ್ತು ಮೇಡಂ. ಕಾಫಿ ಗಿಡಕ್ಕೆ ಕೀಬೋರ್ಡ್ ಎಲ್ಲಿಂದ ಬರ್ಬೇಕು?"

"ಮತ್ತೆ ಯಾಕೆ ಓದಿದ್ರಿ?"

"ರೈಟರ್ ಕೆಲಸ ಅಂದ್ರೆ ಹೇಗೆ ಗೊತ್ತುಂಟಾ? ಓನರ್ ಜೊತೆ ಕೂತ್ಕೊಳ್ಳೋ ಹಾಗಿಲ್ಲ. ಕೆಲಸದವರ ಲೈನ್‌ಮನೆಗಳ ಕಡೆ ಹೋದ್ರೆ, ಅಲ್ಲಿ ಮಾತಾಡ್ತಾ ಇದ್ದವರು ನನ್ನ ಕಂಡು ಸುಮ್ನಾಗ್ತಾರೆ. ಮನೆಯವಳು ತೀರಿಹೋಗಿ ಆರು ವರ್ಷ ಆಯ್ತು. ನನಗೆ ಬೇರೆ ಯಾರೂ ಏನೂ ಕಳ್ಸೋದಿಲ್ಲ ಮೇಡಂ. ನೀವೊಬ್ಬರು ವಾರ ವಾರ ಕಳ್ಸ್ತಿದ್ರಿ. ತಪ್ಪಿ ಬಂದ್ರೆ ಏನಾಯ್ತು, ಬಂತಲ್ಲ." ಇಷ್ಟು ಹೇಳಿ, ತಮಗೇ ನಾಚಿಕೆಯಾದವರಂತೆ ಫೈಲಿನ ಹಾಳೆ ತಿರುಗಿಸಿದರು. ನನಗೂ ಹಾಗೆಯೇ ಎಂದು ಹೇಳಬೇಕೆಂದಿದ್ದೆ. ಟೀ ಆರುತ್ತದೆ ಎಂದಷ್ಟೇ ಹೇಳಿದೆ.

"ಡೌಟ್ ಇದ್ದದ್ದು ಇದು. ಕಡೆಯ ಕಾಗದದ ಐದನೇದು" ಎಂದು ಅವರು ಕೆಂಪು ಗೆರೆ ಎಳೆದ ಶೀರ್ಷಿಕೆಯ ಮೇಲೆ ಬೆರಳಿಟ್ಟರು. ಒಬ್ಬಂಟಿಯಾಗಿ ಕೆಲಸ ಮಾಡುವವರು ಇನ್ನೊಬ್ಬರ ಮಾತು ಕೇಳಿಸಿಕೊಳ್ಳಲು ಕಲಿಯುವುದು ಹೇಗೆ ಎಂಬ ಲೇಖನ. ಕೆಳಗೆ ನನ್ನದೇ ಮಾತು: 'ಈ ವಾರ ಒಂದನ್ನೇ ಓದುವುದಾದರೆ ಇದನ್ನು ಓದಿ. ನನ್ನನ್ನು ಬಹಳ ತಟ್ಟಿತು.' "ನಿಮ್ಗೆ ಅದ್ರಲ್ಲಿ ಯಾವ ಮಾತು ತಟ್ಟಿತು ಮೇಡಂ? ಕೇಳುವ ಅಂತಲೇ ಬಂದದ್ದು."

ಇಲ್ಲಿ ನಾನು ನಿಮ್ಮ ಹತ್ತಿರ ಒಂದು ಮಾತು ಒಪ್ಪಿಕೊಳ್ಳಬೇಕು. ಐದನ್ನೂ ಪೂರ್ತಿ ಓದಿ ಕಳಿಸಿದ್ದು ಮೊದಲ ಎರಡು ತಿಂಗಳು ಮಾತ್ರ. ಆಮೇಲೆ ಪೀಠಿಕೆ ಬರೆಯುವುದರಲ್ಲೇ ಹೊತ್ತು ಹೋಗುತ್ತಿತ್ತು. ಮೊದಲ ಎರಡರ ಆರಂಭವನ್ನಷ್ಟೇ ಓದುತ್ತಿದ್ದೆ, ಮೂರು ನಾಲ್ಕರ ಮೇಲೆ ಕಣ್ಣಾಡಿಸುತ್ತಿದ್ದೆ, ಐದನೆಯದಕ್ಕೆ ಬರುವಾಗ ಶೀರ್ಷಿಕೆಯೇ ಸಾಕಾಗುತ್ತಿತ್ತು. ಆದರೆ ಎದುರಿಗೆ ಕೂತವರು ನನ್ನ ಒಬ್ಬರೇ ಓದುಗರು. ಅವರ ಮುಂದೆ ಓದಿಲ್ಲ ಎನ್ನಲು ಬಾಯಿ ಬರುತ್ತದೆಯೇ?

"ಎಲ್ಲವೂ ಚೆನ್ನಾಗಿದೆ" ಎಂದೆ. "ಅದರಲ್ಲೂ ಆ ಕೊನೆಯ ಭಾಗ."

ಪೂವಯ್ಯನವರು ಶೀರ್ಷಿಕೆಯ ಮೇಲಿಟ್ಟ ಬೆರಳನ್ನು ತೆಗೆದರು.

"ಅದು ತೆರೆಯೋದೇ ಇಲ್ಲ ಮೇಡಂ" ಎಂದರು. "ಬರೀ ಬಿಳಿ ಪುಟ ಬರ್ತದೆ. ನನ್ನ ಫೋನೇ ಸರಿ ಇಲ್ವೇನೋ ಅಂತ ಝೆರಾಕ್ಸ್ ಅಂಗಡಿ ಕಂಪ್ಯೂಟರಲ್ಲೂ ನೋಡ್ಸಿದೆ. ಅಲ್ಲಿಯೂ ಬಿಳಿ."

ಅವರು ಬೈಯಲಿಲ್ಲ, ನಗಲಿಲ್ಲ. ಫೈಲು ಮುಚ್ಚಿ, ದಾರ ಸುತ್ತಿ ಕಟ್ಟಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಬಾಗಿಲ ತನಕ ಹೋದವರು ತಿರುಗಿ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಮೆತ್ತಗೆ ಹೇಳಿದರು:

"ಮೇಡಂ, ಶುಕ್ರವಾರವೇ ಆಗ್ಬೇಕು ಅಂತ ಏನಿಲ್ಲ. ಐದೇ ಬೇಕು ಅಂತಲೂ ಇಲ್ಲ. ನೀವು ಓದಿ ಆದ್ಮೇಲೆ ಕಳ್ಸಿ. ನಾನು ಕಾಯ್ತೇನೆ."

ಅದಾಗಿ ಮೂರು ಶುಕ್ರವಾರ ಕಳೆದಿವೆ. ನಾನಿನ್ನೂ ಮೊದಲನೆಯ ಲೇಖನದ ಅರ್ಧದಲ್ಲಿದ್ದೇನೆ. ಇವನ್ನೆಲ್ಲ ಇಷ್ಟು ಉದ್ದ ಬರೆಯುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.